ಬಂಡೆಯ ಮೇಲೆ ಮಡಿಸೀರೆ

ಜಟಕಾ ಬಾಗಿಲ ಮುಂದೆ ಬಂದು ನಿಂತಾಗ ಪಂಪಾವತಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಅತ್ತೆ ವಿರೂಪಾಕ್ಷಮ್ಮ, "ಅಯ್ಯ ನನ್ನಪ್ಪ, ಬಂದ್ಯಾ!" ಎಂದು ಕೂಗಿದ ಕೂಗಿಗೆ ಹಂಚಿನ ಮೇಲಿನ ರೊಟ್ಟಿ ಸೀದುಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಮದುವೆಯಾಗಿ ಆರು ವರ್ಷವಾಗಿತ್ತು. ಗಂಡ ಉಮಾಪತಿ ಮದುವೆಯ ಮರುವರ್ಷವೇ, ದೊಡ್ಡ ಯುದ್ಧ ನಡೆಯುತ್ತಿದ್ದ ಹೊತ್ತಿನಲ್ಲಿ, ಅಪ್ಪನಿಗೆ ಒಂದು ಮಾತೂ ಹೇಳದೆ ಬೆಂಗಳೂರಿಗೆ ಹೋಗಿ ವಿಮಾನದಳ ಸೇರಿದ್ದ. ಆಮೇಲೆ ಎರಡು ಸಲ ರಜೆಯ ಮೇಲೆ ಬಂದುಹೋಗಿದ್ದ. ಕಡೆಯ ಎರಡು ವರ್ಷ ಅದೂ ಇಲ್ಲ. ಕೊಪ್ಪಳವು ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿತ್ತು. ಹಿಂದೂಸ್ತಾನದ ದಂಡಿನಲ್ಲಿದ್ದವನು ಗಡಿ ದಾಟಿ ಬಂದರೆ ಅವನಿಗೂ ಕೇಡು, ಮನೆಯವರಿಗೂ ಕೇಡು. ಈ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿಯಿತು. ಒಂದು ತಿಂಗಳ ರಜೆ ಕೈಗೆ ಬಂದ ಕೂಡಲೆ ಉಮಾಪತಿ ಆಗ್ರಾದಿಂದ ರೈಲು ಹತ್ತಿದ್ದ.

ಮನೆಯ ಯಜಮಾನ ದೇವೇಂದ್ರಪ್ಪನಿಗೆ ಪೇಟೆಯಲ್ಲಿ ಅರಳೆಯ ಅಡತಿ ಅಂಗಡಿ. ಅಂಗಡಿಯಲ್ಲಿ ಅವನದೇ ಮಾತು ನಡೆಯುತ್ತಿತ್ತು. ಮನೆಯಲ್ಲಿ ನಡೆಯುತ್ತಿದ್ದದ್ದು ಅವನ ತಾಯಿ ಅನ್ನಮ್ಮನದು. ಎಪ್ಪತ್ತು ದಾಟಿದ ಮುದುಕಿ. ಸದಾ ಬಿಳಿಸೀರೆ, ಹಣೆ ತುಂಬ ವಿಭೂತಿ. ತನ್ನ ಸೀರೆ ತಾನೇ ಒಗೆದುಕೊಳ್ಳುವವಳು, ಒಣಹಾಕಿದ ಸೀರೆಯ ಹತ್ತಿರ ಬೆಕ್ಕು ಸುಳಿದರೂ ಮತ್ತೆ ನೀರಿಗೆ ಹಾಕುವವಳು.

ಮೊಮ್ಮಗ ಜಳಕ ಮಾಡಿ ಒಳಗೆ ಊಟಕ್ಕೆ ಬಂದಾಗ ಅನ್ನಮ್ಮ ಅಡುಗೆಮನೆಯ ಹೊಸ್ತಿಲಲ್ಲೇ ಕುಳಿತಿದ್ದಳು.

"ಲಿಂಗಪೂಜಿ ಮಾಡ್ಕೋತಿಯೋ ಇಲ್ಲೋ?"

"ಮಾಡ್ಕೋತೀನಿ ಆಯಿ. ಕೊರಳಾಗ ಐತಿ, ನೋಡು."

"ಊಟ ಯಾರ ಜೋಡಿ?"

"ವಿಮಾನದಾಗ ನಾವು ನಾಲ್ಕು ಮಂದಿ. ನಡಸಾವ ಕೊಡಗಿನಾವ. ಅವನ ಮಗ್ಗಲಕ್ಕ ಪಂಜಾಬಿನ ಸರದಾರ. ದಾರಿ ಲೆಕ್ಕ ಹಾಕಾವ ಲಖನೌದ ಸಾಬರ ಹುಡುಗ. ನಾನು ವೈರಲೆಸ್ ನೋಡಾವ. ಬುತ್ತಿ ಬಿಚ್ಚಿದ್ರ ನಾಲ್ಕೂ ಮಂದಿ ಒಂದಽ ಡಬ್ಬಿಯಾಗ ಕೈ ಹಾಕ್ತೀವಿ."

"ಖಂಡ?"

"ನಾ ಮುಟ್ಟಂಗಿಲ್ಲ. ಅವ್ರು ತಿಂತಾರ. ಡಬ್ಬಿ ಮಾತ್ರ ಅದಽ."

ಸುಳ್ಳು ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಂಪಾವತಿ ಒಲೆಯ ಮುಂದಿನಿಂದಲೇ ಗಂಡನ ಮುಖ ನೋಡಿದಳು. ಅವನು ನಗುತ್ತಲೇ ಇದ್ದ.

ಅನ್ನಮ್ಮ ಸೊಸೆಯ ಕಡೆ ತಿರುಗಿದಳು. "ವಿರೂಪಾಕ್ಷಿ, ಇವನ ತಾಟು ಪಡಸಾಲ್ಯಾಗ ಇಡು. ಮಠದ ಅಯ್ಯನೋರು ಬಂದು ತೀರ್ಥ ಕೊಟ್ಟು ಶುದ್ಧ ಮಾಡಿದ ಮ್ಯಾಲ ಒಳಗ ಬರ್ಲಿ."

"ಅತ್ತೀ, ದೂರದಿಂದ ಬಂದ ಮಗ..."

"ನಾ ಉಣಬ್ಯಾಡ ಅಂದೆನೇನು? ಹೊರಗ ಉಣ್ಣಲಿ ಅಂದೆ."

ಉಮಾಪತಿ ತಾನೇ ತಾಟು ಎತ್ತಿಕೊಂಡ. "ಹೊರಗ ಕುಂದ್ರತೀನಿ ಆಯಿ, ಗಾಳಿ ಛಲೋ ಬರ್ತದ. ಆದ್ರ ಶುದ್ಧ ಗಿದ್ಧ ಮಾಡ್ಸಿಕೊಳ್ಳಂಗಿಲ್ಲ. ಹಂಗ ಮಾಡ್ಸಿಕೊಂಡ್ರ ಆ ಮೂರು ಮಂದಿ ಹೊಲಸು ಅಂತ ನಾನಽ ಒಪ್ಪಿದಂಗಾತು. ಅವ್ರ ಕೈಯಾಗ ನನ್ನ ಜೀವ ಐತಿ."

ಹೀಗೆ ಉಮಾಪತಿಯ ತಾಟು ಪಡಸಾಲೆಗೆ ಬಿತ್ತು. ಬಡಿಸುವ ಕೆಲಸ ಪಂಪಾವತಿಯದು. ರೊಟ್ಟಿ, ಪುಂಡಿಪಲ್ಲೆ, ಶೇಂಗಾಹಿಂಡಿ ಇಟ್ಟು ಕಂಬಕ್ಕೆ ಒರಗಿ ನಿಲ್ಲುತ್ತಿದ್ದಳು. ಅವನು ಉಣ್ಣುತ್ತ ಹೇಳುತ್ತಿದ್ದ. ಒಳಗೆ ಕುಳಿತು ಉಂಡಿದ್ದರೆ ಇಷ್ಟು ಮಾತು ಅವಳ ಪಾಲಿಗೆ ಬರುತ್ತಲೇ ಇರಲಿಲ್ಲ.

ಮೊದಲು ನೆಲದ ಮೇಲೆ ವೈರಲೆಸ್ ರಿಪೇರಿ ಮಾಡುತ್ತಿದ್ದನಂತೆ. ಹಾರುವವರು ಬೇಕೆಂದಾಗ ತಾನೇ ಮುಂದೆ ಹೋಗಿ ಹೆಸರು ಕೊಟ್ಟನಂತೆ. ಆಮೇಲೆ ಬ್ರಹ್ಮದೇಶದ ಕಾಡು. ಅಲ್ಲಿ ಕಣಿವೆಯಲ್ಲಿ ಸಿಕ್ಕಿಬಿದ್ದ ದಂಡಿಗೆ ಮೇಲಿನಿಂದ ಅಕ್ಕಿ, ಹಿಟ್ಟು ಎಸೆಯುವ ಕೆಲಸ.

"ಮ್ಯಾಲಿಂದ ಒಗದ್ರ ಚೀಲ ಒಡದು ಹೋಗಂಗಿಲ್ಲೇನ್ರಿ?"

"ಅರ್ಧ ತುಂಬಿದ ಚೀಲ ಇನ್ನೊಂದು ದೊಡ್ಡ ಚೀಲದಾಗ ಹಾಕ್ತೀವಿ. ಒಳಗಿಂದು ಒಡದ್ರ ಹೊರಗಿಂದು ಹಿಡಕೋತದ."

"ಮತ್ತ ಮಂದಿ ಎಲ್ಲಿ ಅದಾರ ಅಂತ ಹೆಂಗ ಗೊತ್ತಾಗ್ತದ?"

"ಗೊತ್ತಾಗೋದಽ ಇಲ್ಲ. ಮ್ಯಾಲಿಂದ ನೋಡಿದ್ರ ಮನಷ್ಯಾ ಮತ್ತು ಕಲ್ಲು ಎರಡೂ ಒಂದಽ. ಕೆಳಗಿನವ್ರು ಬಿಳಿ ಬಟ್ಟಿ ಉದ್ದಕ್ಕ ಹಾಸಬೇಕು. ಹಾಸಿ ದೂರ ಸರೀಬೇಕು. ಚೀಲ ತಲಿ ಮ್ಯಾಲ ಬಿತ್ತೋ, ಹಸಿವಿಗಿಂತ ಮೊದಲು ಅದಽ ಕೊಲ್ತದ."

ದೇಶ ಇಬ್ಭಾಗವಾದಾಗ ಪಂಜಾಬಿನಿಂದ ಮಂದಿಯನ್ನು ಹೊತ್ತು ತಂದದ್ದು, ಗುಂಡು ಹಾರುವ ಬೆಟ್ಟದ ನಡುವೆ ಪೂಂಛಿನ ಚೋಟುದ್ದದ ಮೈದಾನದಲ್ಲಿ ಇಳಿದದ್ದು, ವಾಪಸು ಬರುವಾಗ ಗಾಯಾಳುಗಳ ನಡುವೆ ಒಬ್ಬ ಹೆಂಗಸು ಹಡೆದದ್ದು... ಕೇಳುತ್ತಿದ್ದ ವಿರೂಪಾಕ್ಷಮ್ಮ ಒಳಗಿನಿಂದಲೇ ಕಿವಿ ಮುಚ್ಚಿಕೊಂಡು, "ಸಾಕು ಮಾಡೋ ಮಾರಾಯ, ನನ್ನ ಎದಿ ಡವಡವ ಅಂತದ!" ಎನ್ನುತ್ತಿದ್ದಳು. ಹಾಗೆನ್ನುತ್ತ ಇನ್ನಷ್ಟು ಹತ್ತಿರ ಬಂದು ಕುಳಿತುಕೊಳ್ಳುತ್ತಿದ್ದಳು.

ದೇವೇಂದ್ರಪ್ಪನಿಗೆ ಮಾತ್ರ ಇದು ಸೇರಲಿಲ್ಲ. ಎಂಟು ದಿನ ಸುಮ್ಮನಿದ್ದು, ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಒಳಗಿನಿಂದಲೇ ಪಡಸಾಲೆಗೆ ಕೇಳುವ ಹಾಗೆ ಶುರುಮಾಡಿದ.

"ಯುದ್ಧ ಮುಗೀತು. ನಿಜಾಮಂದೂ ಮುಗೀತು. ಇನ್ನ ಹಾರೋದು ಸಾಕು. ಅರಳಿ ಹಿಂಜೋ ಕಾರಖಾನ್ಯಾಗ ನಿನ್ನ ಹೆಸರಿಗೆ ಪಾಲು ಮಾತಾಡೀನಿ. ರಾಜೀನಾಮಿ ಬರದು ಕಳಸು."

"ಬರಿಯಂಗಿಲ್ಲಪ್ಪ."

"ಯಾಕ? ಅಂಗಡ್ಯಾಗ ಕುಂತು ಉಂಡಾವ ಗಂಡಸಲ್ಲೇನು?"

"ಗಂಡಸಽ. ಆದ್ರ ಈಗ ವಿಮಾನದಾಗ ಕೆಲಸ ಬಲ್ಲವ್ರು ಬೆರಳ ಮ್ಯಾಲ ಎಣಿಸೋ ಅಷ್ಟು ಮಂದಿ. ಇಂಗ್ಲಿಷರು ಹೋದ್ರು. ನಾವೂ ಬಿಟ್ಟು ಬಂದ್ರ ಅಲ್ಲಿ ಪೂಂಛಿನ ಹಿಮದಾಗ ಇದ್ದವ್ರಿಗೆ ಅನ್ನ ಒಯ್ಯಾವ್ರು ಯಾರು?"

"ದೇಶಕ್ಕೆಲ್ಲ ಅನ್ನ ಹಾಕ್ತಾನಂತ," ಎಂದಳು ಅನ್ನಮ್ಮ. "ತನ್ನ ಮನ್ಯಾಗ ಒಳಗ ಕುಂತು ಉಣ್ಣೋ ಯೋಗ್ಯತಿ ಇಲ್ಲ. ಹೊರಗಿನವ!"

ಪಂಪಾವತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಕೈ ತೊಳೆದುಕೊಂಡಳು. ತನ್ನ ತಾಟಿಗೆ ಎರಡು ರೊಟ್ಟಿ, ಪಲ್ಲೆ ಹಾಕಿಕೊಂಡು, ಅತ್ತೆ, ಮಾವ, ಅಜ್ಜಿ ಎಲ್ಲರ ಮುಂದೆ ಹೊಸ್ತಿಲು ದಾಟಿ ಪಡಸಾಲೆಗೆ ಹೋಗಿ ಗಂಡನ ಎದುರಿಗೆ ಕುಳಿತಳು. ಹೆಂಗಸರು ಉಣ್ಣುವುದು ಗಂಡಸರದೆಲ್ಲ ಆದ ಮೇಲೆ. ಗಂಡನ ಜೊತೆ ಸಮಕ್ಕೆ ಕುಳಿತು ಉಂಡ ಸೊಸೆ ಆ ಮನೆಯಲ್ಲಿ ಅದುವರೆಗೆ ಒಬ್ಬಳೂ ಇರಲಿಲ್ಲ.

"ಪಂಪವ್ವ! ನಾಚಿಗಿ ಅದನೋ ಇಲ್ಲೋ?" ಎಂದು ಅನ್ನಮ್ಮ ಗದರಿದಳು.

"ಇವ್ರು ಹೊರಗಿನವ್ರಾದ್ರ ನಾನೂ ಹೊರಗಿನಾಕಿನಽ ಅಲ್ಲೇನ್ರಿ ಆಯಿ," ಎಂದಳು ಪಂಪಾವತಿ. ರೊಟ್ಟಿ ಮುರಿದು ಬಾಯಿಗಿಟ್ಟಳು.

ಅನ್ನಮ್ಮ ಎದ್ದಳು. "ದೇವಪ್ಪ, ನಾಳೆ ಗಂಗಾವತಿ ಮೋಟಾರಿಗೆ ನನ್ನ ಕೂಡ್ರಸು. ನನ್ನ ತವರಿಗೆ ಸಾಣಾಪುರಕ್ಕ ಹೋಗ್ತೀನಿ. ಈಕಿನೂ ಬರ್ಲಿ. ಅಲ್ಲಿ ನನಗ ಬೇಯಿಸಿ ಹಾಕಾವ್ರು ಯಾರು?"

ಇದು ಗಂಡ ಹೆಂಡಿರನ್ನು ಅಗಲಿಸುವ ಉಪಾಯ ಎಂದು ಎಲ್ಲರಿಗೂ ತಿಳಿಯಿತು. ಮರುದಿನ ಗಂಟು ಕಟ್ಟುವಾಗ ಉಮಾಪತಿ ಹೆಂಡತಿಗೆ, "ಬ್ಯಾಡ ಅನಸಿದ್ರ ಬ್ಯಾಡ ಅನ್ನು. ನಾ ಮಾತಾಡ್ತೀನಿ" ಎಂದ.

"ಮುದುಕಿನ್ನ ಒಬ್ಬಾಕಿನ್ನಽ ಹೆಂಗ ಕಳಸೋದ್ರಿ? ಸಿಟ್ಟು ನಾಕು ದಿನದ್ದು. ಕರಕೊಂಡು ಬರ್ತೀನಿ," ಎಂದಳು ಪಂಪಾವತಿ.

ಗಂಗಾವತಿಯವರೆಗೆ ಮೋಟಾರು, ಅಲ್ಲಿಂದ ಬಂಡಿ. ಸಾಣಾಪುರದಲ್ಲಿ ಅನ್ನಮ್ಮನ ತಮ್ಮ ಕರಿಬಸಪ್ಪನದು ಗದ್ದೆಯ ಒಕ್ಕಲುತನ. ಒಂದು ಕಡೆ ತುಂಗಭದ್ರೆ, ಮೂರು ಕಡೆ ಒಂದರ ಮೇಲೊಂದು ಪೇರಿಸಿಟ್ಟಂತೆ ಗುಂಡುಕಲ್ಲಿನ ಬೆಟ್ಟ, ನಡುವೆ ಹಳೆಯ ಕಾಲುವೆಯ ನೀರಿಗೆ ಬೆಳೆದ ನೆಲ್ಲು. ತವರಿಗೆ ಬಂದ ಅನ್ನಮ್ಮ ಮೂರು ದಿನ ಪಂಪಾವತಿಯ ಜೊತೆ ಮಾತೇ ಆಡಲಿಲ್ಲ. ಅವಳು ಮಾಡಿದ ಅಡುಗೆಯನ್ನು ಮಾತ್ರ ಚೆನ್ನಾಗಿ ಉಂಡಳು.

ನಾಲ್ಕನೆಯ ದಿನ ಮಳೆ ಹಿಡಿಯಿತು. ಹಿಂಗಾರಿನ ಮಳೆ, ಬಂದು ಹೋಗುತ್ತದೆ ಎಂದುಕೊಂಡರು. ಹೋಗಲಿಲ್ಲ. ಹಗಲು ರಾತ್ರಿ ಒಂದೇ ಸಮ ಸುರಿದು ಹೊಳೆ ಉಕ್ಕಿತು, ಹಿಂದಿನ ಹಳ್ಳವೂ ಉಕ್ಕಿತು, ಕಾಲುವೆಯ ಒಡ್ಡು ಕಿತ್ತುಹೋಯಿತು. ಕೆಳಗಿನ ಓಣಿಯ ಮಣ್ಣಿನ ಗೋಡೆಗಳು ಕೂತವು. ಊರಿನ ಮಂದಿಯೆಲ್ಲ ಮಕ್ಕಳು, ಮುದುಕರು, ಆಡು, ಕುರಿ ಕಟ್ಟಿಕೊಂಡು ಊರ ಹಿಂದಿನ ಹಾಸುಬಂಡೆ ಏರಿ, ಅದರ ಅಂಚಿನಲ್ಲಿದ್ದ ಹಳೆಯ ಕಲ್ಲುಮಂಟಪ ಸೇರಿದರು. ಗಂಗಾವತಿಯ ದಾರಿ ನೀರಿನಡಿಗೆ ಹೋಯಿತು. ಹರಿಗೋಲು ಹಾಕುವ ಮೌಲಾಹುಸೇನ ಸೆಳವು ನೋಡಿ, "ಇದಕ್ಕ ಇಳಿದಾವ ತಿರುಗಿ ಬರಂಗಿಲ್ರಿ ಗೌಡ್ರ," ಎಂದು ಕರಿಬಸಪ್ಪನಿಗೆ ಕೈ ಮುಗಿದ.

ಕಾಳು ತುಂಬಿದ ಹಗೇವುಗಳಿಗೆ ನೀರು ನುಗ್ಗಿತ್ತು. ನೆಲದೊಳಗಿನ ಜೋಳವೆಲ್ಲ ಹುಳಿತು ನಾರಿತು. ಮೇಲೆ ತಂದ ನುಚ್ಚು, ಬೇಳೆ ಕೆಲವು ದಿನ ಬಂತು. ಆಮೇಲೆ ಹಸಿ ಶೇಂಗಾ, ಬೆಟ್ಟದ ಸೊಪ್ಪು. ಮಂಟಪದ ಒಂದು ಮೂಲೆಯಲ್ಲಿ ಖಾಜಾಬೀ ಎಂಬ ಹೆಂಗಸು ತನ್ನ ಬಾಣಂತಿ ಮಗಳು ಇಮಾಮಬೀಯನ್ನು ಮಲಗಿಸಿದ್ದಳು. ತಾಯಿಗೆ ಅನ್ನವಿಲ್ಲದೆ ಎದೆಯ ಹಾಲು ಬತ್ತಿತು. ಕೂಸು ಅಳುತ್ತ ಅಳುತ್ತ ಕಡೆಗೆ ಅಳುವುದನ್ನೂ ಬಿಟ್ಟಿತು.

ಅನ್ನಮ್ಮ ತನ್ನ ಗಂಟಿನಲ್ಲಿದ್ದ ಬೆಲ್ಲದ ಕಡೆಯ ಹೆಂಟೆಯನ್ನು ಪಂಪಾವತಿಯ ಕೈಗಿಟ್ಟಳು. "ಹೋಗಿ ಆ ಹುಡುಗಿಗೆ ಕೊಡು."

"ಆಯಿ, ನಿಮಗ?"

"ನಾ ಏನು ಹಾಲು ಕುಡಸಬೇಕಾಗೇತೇನು? ಕೊಡು ಹೋಗು."

ಅಂದು ಮಳೆ ನಿಂತು ಬಿಸಿಲು ಬಿದ್ದಿತ್ತು. ಹೊಸಪೇಟೆಯ ಕಡೆಯಿಂದ ಗುಂಯ್ ಎಂದು ಸದ್ದು ಬಂತು. ದೊಡ್ಡದೊಂದು ವಿಮಾನ ಹೊಳೆಯ ಗುಂಟ ಬಂದು, ಬೆಟ್ಟದ ಮೇಲೆ ಹಾದು, ಆನೆಗೊಂದಿಯ ಕಡೆ ಹೋಗಿಬಿಟ್ಟಿತು. ಮಂದಿ ಕೂಗಿದರು, ಟವಲು ಬೀಸಿದರು. ಅದು ತಿರುಗಲಿಲ್ಲ.

ಕರಿಬಸಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ. "ಹೋತು. ನಮ್ಮನ್ನ ನೋಡಲೇ ಇಲ್ಲ."

ಪಂಪಾವತಿ ಬಂಡೆಯ ನಡುವೆ ನಿಂತು ಸುತ್ತ ನೋಡಿದಳು. ಬೂದು ಬಣ್ಣದ ಕಲ್ಲು. ಅದರ ಮೇಲೆ ಕೆಸರು ಹತ್ತಿ ಬೂದುಬಣ್ಣಕ್ಕೆ ತಿರುಗಿದ ಮಂದಿ. ಮನುಷ್ಯ ಮತ್ತು ಕಲ್ಲು ಎರಡೂ ಒಂದೇ ಆಗಿದ್ದವು.

"ಕಾಕಾರ, ಅವ್ರಿಗೆ ಕಾಣಸಂಗಿಲ್ರಿ. ಬಿಳಿ ಬಟ್ಟಿ ಬೇಕು. ಉದ್ದಕ್ಕ ಹಾಸಬೇಕು. ನಮ್ಮ ಮನ್ಯಾಗ... ಅವ್ರು ಹೇಳ್ಯಾರ ನನಗ."

"ಬಿಳಿ ಬಟ್ಟಿ ಎಲ್ಲಿಂದ ತರ್ಲಿ ತಂಗಿ? ಧೋತರ ಎಲ್ಲಾ ಕೆಸರಾಗಿ ಹೋಗ್ಯಾವ."

ಬಂಡೆಯ ಮೇಲೆ ಬೆಳ್ಳಗಿನದು ಎಂದರೆ ಒಂದೇ. ಮಂಟಪದ ತೊಲೆಗೆ, ಯಾರ ಕೈಗೂ ಎಟುಕದಂತೆ ನೇತುಹಾಕಿದ ಗಂಟು. ಅದರಲ್ಲಿ ಅನ್ನಮ್ಮನ ಎರಡು ಮಡಿಸೀರೆ. ಉಟ್ಟದ್ದು ಒದ್ದೆಯಾಗಿ ಮೈಗೆ ಅಂಟಿದ್ದರೂ ಮುದುಕಿ ಅವನ್ನು ಬಿಚ್ಚಿರಲಿಲ್ಲ. ಪೂಜೆಗೆ ಬೇಕು ಎಂದಿದ್ದಳು. ಪಂಪಾವತಿ ಹೋಗಿ ಎದುರಿಗೆ ನಿಂತಳು. ಮುದುಕಿಯ ಮುಖ ನೋಡಿದಳು.

ಅನ್ನಮ್ಮ ಗಂಟಿನ ಕಡೆ ನೋಡಿದಳು. ಮೂಲೆಯಲ್ಲಿದ್ದ ಬಾಣಂತಿಯ ಕಡೆ ನೋಡಿದಳು.

"ನನ್ನ ಮಾರಿ ಏನು ನೋಡ್ತಿ? ಇಳಸು ಅದನ್ನ."

ಸೀರೆಗಳನ್ನು ಬಂಡೆಯ ಮೇಲೆ ಉದ್ದಕ್ಕೆ, ಒಂದರ ಕೊನೆಗೆ ಇನ್ನೊಂದನ್ನು ಜೋಡಿಸಿ ಹಾಸಿದರು. ಗಾಳಿಗೆ ಸೆರಗು ಎದ್ದಿತು. ಕಲ್ಲು ಹೇರಿದರು, ಸಾಲಲಿಲ್ಲ. ಆಗ ಅನ್ನಮ್ಮನೇ ಗದರಿದಳು: "ತುದಿಯಾಗ ನಿಂದರ್ರೆಲೇ ಹುಡುಗ್ರಾ! ಮುಟ್ಟಿದ್ರ ಏನಾಗ್ತದೋ ಅಂತ ದೂರ ನಿಂತಾವ ನೋಡು. ಏ ಖಾಜಾಬೀ, ಆ ಮಗ್ಗಲ ಕಾಲಿಟ್ಟು ಒತ್ತಿ ಹಿಡಿ!"

ಊಟದ ಹೊತ್ತು ಮೀರಿದ ಮೇಲೆ ಸದ್ದು ಮತ್ತೆ ಬಂತು. ಈ ಸಲ ವಿಮಾನ ಬೆಟ್ಟದ ನೆತ್ತಿ ಸವರಿಕೊಂಡು ಬಂತು. ಬಂಡೆಯ ಮೇಲೆ ಸುತ್ತು ಹೊಡೆಯಿತು. ಅದರ ಪಕ್ಕದಲ್ಲಿ ತೆರೆದ ಬಾಗಿಲು ಕಂಡಿತು, ಬಾಗಿಲಲ್ಲಿ ಮನುಷ್ಯರು ಕಂಡರು. ಯಾರೋ "ಬಾಂಬು ಹಾಕ್ತಾರಲೇ!" ಎಂದು ಚೀರಿದ. ಅರ್ಧ ಮಂದಿ ಕುರಿಗಳ ಹಾಗೆ ಅತ್ತಿಂದಿತ್ತ ಓಡಿದರು. ಉಳಿದ ಅರ್ಧ ಆಸೆಯಿಂದ ಸೀರೆಯ ಮೇಲೇ ಬಂದು ಕೈ ಚಾಚಿ ನಿಂತರು.

"ಬಾಂಬಲ್ಲ, ಕಾಳು! ಕಾಳು ಒಗೀತಾರ!" ಪಂಪಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. "ಈ ಕಲ್ಲು ಬಿಟ್ಟು ಸರೀರಿ! ಚೀಲ ಬಡಿದ್ರ ಸಾಯ್ತೀರಿ! ಮಂಟಪದಾಗ ನಡೀರಿ!" ಮಾತು ಕೇಳದವರನ್ನು ರಟ್ಟೆ ಹಿಡಿದು ಎಳೆದಳು. ಕಲ್ಲುಕಂಬದಂತೆ ನಿಂತಿದ್ದ ಕರಿಬಸಪ್ಪನನ್ನು, ಗಂಡಸು, ಹಿರಿಯ ಎಂದು ನೋಡದೆ ಬೆನ್ನಿಗೆ ಕೈಕೊಟ್ಟು ನೂಕಿದಳು. ಮಂಟಪದೊಳಗೆ ನಿಂತ ಅನ್ನಮ್ಮ, "ಆಕಿ ಹೇಳಿದಂಗ ಕೇಳ್ರೋ! ಆಕಿಗೆ ಗೊತ್ತೈತಿ!" ಎಂದು ಇಡೀ ಬಂಡೆಗೆ ಕೇಳುವಂತೆ ಕೂಗಿದಳು.

ಬಂಡೆ ಖಾಲಿಯಾಯಿತು. ವಿಮಾನ ದೂರ ಹೋಗಿ, ತಿರುಗಿ, ನೇರಕ್ಕೆ ಬಂತು. ಬಾಗಿಲಿನಿಂದ ಚೀಲಗಳು ಒಂದರ ಹಿಂದೊಂದು ಉರುಳಿದವು. ಧಡ್ ಧಡ್ ಎಂದು ಬಂಡೆ ನಡುಗಿತು. ಒಂದು ಚೀಲ ಬಿಳಿಸೀರೆಯ ನಟ್ಟನಡುವೆ ಬಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಹತ್ತು ಮಂದಿ ಕೈ ಚಾಚಿ ನಿಂತಿದ್ದ ಜಾಗ ಅದು. ಮತ್ತೆ ಬಂತು, ಮತ್ತೆ ಒಗೆಯಿತು. ಕಡೆಗೊಮ್ಮೆ ರೆಕ್ಕೆಗಳನ್ನು ಆ ಕಡೆ ಈ ಕಡೆ ತೂಗಿ ಬಳ್ಳಾರಿಯ ದಿಕ್ಕಿಗೆ ಹೋಯಿತು.

ಖಾಜಾಬೀ ಒಂದು ಚೀಲ ಬಿಚ್ಚಿ ನೋಡಿ ಬೆರಗಾದಳು. "ಚೀಲದೊಳಗ ಚೀಲ ಐತಿ ನೋಡವ್ವಾ! ಒಳಗಿಂದು ಒಡದೈತಿ, ಒಂದು ಕಾಳು ಹೊರಗ ಬಿದ್ದಿಲ್ಲ!"

ಅಕ್ಕಿ ಬಂತು. ಬೇಯಿಸಲು ಅಷ್ಟು ದೊಡ್ಡ ಪಾತ್ರೆ ಎಲ್ಲಿದೆ? ಇದ್ದದ್ದು ಒಂದೇ: ಖಾಜಾಬೀ ನೀರಿನಿಂದ ಉಳಿಸಿ ತಂದಿದ್ದ ಮದುವೆಯ ಡೇಗಚಿ. ಬಿರಿಯಾನಿ ಬೇಯಿಸುವ ತಾಮ್ರದ ಡೇಗಚಿ. ಖಾಜಾಬೀ ಅದನ್ನು ತಂದಿಟ್ಟು ಅನ್ನಮ್ಮನ ಮುಖ ನೋಡುತ್ತ ನಿಂತಳು.

"ತಿಕ್ಕಿ ಇಟ್ಟೀನ್ರಿ ಅವ್ವಾರ. ಆದ್ರೂ ನೀವು..."

"ಏನು ಆದ್ರೂ? ಹುಡುಗ್ರು ಹಸಗೊಂಡಾವ, ಪಾತ್ರಿ ಮುಂದ ನಿಂತು ಪಂಚಾಯ್ತಿ ಮಾಡ್ತಿ. ಎತ್ತು ಒಲಿ ಮ್ಯಾಲ!"

ಅನ್ನಮ್ಮ ತಾನೇ ಸೊಂಟ ಕಟ್ಟಿ ಹುಟ್ಟು ಹಿಡಿದಳು. ಗಂಜಿಯ ಮೊದಲ ಬಟ್ಟಲು ಇಮಾಮಬೀಗೆ. ಆಮೇಲೆ ಮಕ್ಕಳಿಗೆ, ಮೇಲಿನ ಓಣಿ ಕೆಳಗಿನ ಓಣಿ ಎನ್ನದೆ ಸಾಲಾಗಿ ಕುಳಿತ ಎಲ್ಲರಿಗೆ. ಕಡೆಗೆ ಡೇಗಚಿಯ ತಳ ಕೆರೆದು ತನಗೂ ಪಂಪಾವತಿಗೂ ಒಂದೇ ಎಲೆಯಲ್ಲಿ ಹಾಕಿಕೊಂಡಳು. ಉಂಡಳು. ಉಂಡು ಬೆರಳು ನೆಕ್ಕಿದಳು. ಮರುದಿನ ಬೆಳಿಗ್ಗೆ ಮಂಟಪದ ಮೂಲೆಯಿಂದ ಕೂಸಿನ ಅಳು ಕೇಳಿದಾಗ ಇಡೀ ಬಂಡೆಯೇ ನಕ್ಕಿತು.

ನೀರು ಇಳಿದ ಮೇಲೆ ಮೌಲಾಹುಸೇನ ಹರಿಗೋಲು ಹಾಕಿದ. ಮೊದಲ ಸುತ್ತಿನಲ್ಲೇ ಆಚೆಯಿಂದ ಬಂದವನು ಉಮಾಪತಿ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಹೆಂಡತಿಯನ್ನು ನೋಡಿದ, ಅಜ್ಜಿಯನ್ನು ನೋಡಿದ, ಬಂಡೆಯ ಮೇಲೆ ಕುಕ್ಕರಿಸಿದ.

ಸುದ್ದಿ ತಿಳಿದು ಗಂಗಾವತಿಗೆ ಓಡಿ ಬಂದಿದ್ದನಂತೆ. ದಾರಿ ಇರಲಿಲ್ಲ. ಅಲ್ಲಿಂದ ದಂಡಿನ ಠಾಣ್ಯಕ್ಕೆ ಹೋಗಿ, ಅವರ ವೈರಲೆಸ್ಸಿನ ಮುಂದೆ ತಾನೇ ಕುಳಿತು ಆಗ್ರಾದವರೆಗೆ ಸುದ್ದಿ ಮುಟ್ಟಿಸಿದನಂತೆ. ಬಳ್ಳಾರಿಗೆ ಬಂದಿಳಿದದ್ದು ಅವನದೇ ವಿಮಾನ. ತಾನೂ ಅಲ್ಲಿಗೆ ಹೋಗಿ ಅದನ್ನು ಹತ್ತಿದನಂತೆ.

"ಬೆಳಿಗ್ಗೆ ಒಮ್ಮೆ ಬಂದಿದ್ವಿ. ಒಂದಽ ನಮೂನಿ ಕಲ್ಲು. ನಾ ಹುಟ್ಟಿ ಆಡಿದ ಸೀಮಿ, ನನಗಽ ಗುರುತು ಹತ್ತಲಿಲ್ಲ. ವಿಮಾನ ನಡಸೋ ಕ್ಯಾಪ್ಟನ್ ಸಾಹೇಬ್ರು ವಾಪಸ್ ಹೋಗೋಣು ಅಂದ್ರು. ಇನ್ನೊಂದು ಸಲ ನೋಡೂನ್ರಿ ಅಂತ ಕಾಲು ಹಿಡಿದೆ. ಅವ್ರ ಬೆನ್ನಿಂದ ನಿಂತು ಹೊಳಿ ತೋರಸ್ತಾ ಬಂದೆ. ಬಿಳೇದು ಕಂಡ್ತು. ಸರಳಗ ಗೆರಿ ಕೊರದಂಗ ಬಿಳೇದು!" ಉಮಾಪತಿ ಅಜ್ಜಿಯ ಕಡೆ ತಿರುಗಿದ. "ಆಯಿ, ಅಷ್ಟು ಬೆಳ್ಳಗ ಸೀರಿ ಒಗಿಯೋ ಕೈ ಈ ಸೀಮ್ಯಾಗ ಒಂದಽ. ನಮ್ಮ ಮಂದಿ ಜೀವಂತ ಅದಾರ ಅಂತ ಅಲ್ಲೇ ಚೀರಿದೆ."

ಅನ್ನಮ್ಮ ಕೇಳಿದಳು: "ಚೀಲ ನೂಕಿದಾವ ಯಾರು? ಬಾಗಲದಾಗ ತಲಿಗೆ ಟವಲು ಕಟ್ಟಿಕೊಂಡು, ಅರ್ಧ ಮೈ ಹೊರಗ ಹಾಕಿದ್ದ. ಬಿದ್ದು ಗಿದ್ದಾನು ಅಂತ ನನಗ ಅದಽ ಚಿಂತಿ ಆಗಿತ್ತು."

"ಲಖನೌದಾವ."

"ತಾಯಿ ಅದಾಳೇನು ಅವಂಗ?"

"ಅದಾಳ."

"ಹೂಂ," ಎಂದಳು ಅನ್ನಮ್ಮ.

ಕೊಪ್ಪಳಕ್ಕೆ ಮುಟ್ಟಿದ ದಿನ ವಿರೂಪಾಕ್ಷಮ್ಮ ಅತ್ತು ಕರೆದು, ನಿವಾಳಿಸಿ ಒಗೆದು, ಹೋಳಿಗೆ ಮಾಡಿದಳು. ಒಳಗೆ ತಾಟು ಹಾಕಿದಳು: ಗಂಡನಿಗೊಂದು, ಅತ್ತೆಗೊಂದು. ಮಗನ ತಾಟು ಕೈಯಲ್ಲಿ ಹಿಡಿದು ಎಲ್ಲಿಡಲಿ ಎಂದು ನಿಂತಳು. ಅನ್ನಮ್ಮ ಬಂದು ತನ್ನ ತಾಟು ಎತ್ತಿಕೊಂಡು ಸರಸರ ಹೊಸ್ತಿಲು ದಾಟಿ ಪಡಸಾಲೆಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕುಳಿತಳು.

"ಯವ್ವಾ, ಅಲ್ಯಾಕ?" ಎಂದು ದೇವೇಂದ್ರಪ್ಪ ಗಾಬರಿಯಾದ.

"ನಾನು ಖಾಜಾಬೀ ಡೇಗಚಿಯಾಗ ಬೇಯಿಸಿದ ಅನ್ನ ಉಂಡೀನಿ. ಒಂದು ದಿನ ಅಲ್ಲ, ಆರು ದಿನ. ನಿಮ್ಮ ಅಡಗಿಮನಿಗೆ ಮೈಲಿಗಿ ಆದೀತು. ನಾವು ಹೊರಗಿನವ್ರು ಹೊರಗಽ ಉಣ್ತೀವಿ. ಬಾರೋ ಉಮಾಪತಿ. ಪಂಪವ್ವ, ನಿಂದೂ ತಾಟು ತಾ."

"ಅಯ್ಯನೋರಿಗೆ ಹೇಳಿ ಕಳಸ್ಲೇನು? ತೀರ್ಥ..."

"ಏನಂತ ಹೇಳ್ತಿ? ನಮ್ಮವ್ವ ಜೀವಂತ ಬಂದಾಳ, ಅದಕ್ಕ ಶುದ್ಧ ಮಾಡ್ರಿ ಅಂತೀಯೇನು?"

ವಿರೂಪಾಕ್ಷಮ್ಮನಿಗೆ ನಗು ತಡೆಯಲಾಗಲಿಲ್ಲ. ಹೋಳಿಗೆಯ ಬುಟ್ಟಿ, ತುಪ್ಪದ ಗಿಂಡಿ ಎರಡನ್ನೂ ಎತ್ತಿಕೊಂಡು ಅವಳೂ ಹೊರಗೆ ನಡೆದಳು. ಒಳಗೆ ದೇವೇಂದ್ರಪ್ಪ ಖಾಲಿ ತಾಟಿನ ಮುಂದೆ ಒಬ್ಬನೇ. ಪಡಸಾಲೆಯಲ್ಲಿ ನಗು, ತುಪ್ಪದ ವಾಸನೆ. ಸ್ವಲ್ಪ ಹೊತ್ತು ಕೆಮ್ಮಿದ, ಯಾರೂ ಕರೆಯಲಿಲ್ಲ. ಕಡೆಗೆ ತಾಟು ಹಿಡಿದು ಹೊಸ್ತಿಲಿಗೆ ಬಂದು, "ಸರೀರಿ ಒಂದೀಟು," ಎಂದ.

ಮಾತು ಮತ್ತೆ ಕಾರಖಾನೆಯ ಪಾಲಿಗೆ ಬಂದದ್ದೂ ಆಗಲೇ. ಆದರೆ ದೇವೇಂದ್ರಪ್ಪನ ದನಿಯಲ್ಲಿ ಈಗ ಹುಕುಮು ಇರಲಿಲ್ಲ, ಅಂಜಿಕೆ ಇತ್ತು. "ಒಬ್ಬನಽ ಮಗ. ಮ್ಯಾಲ ಏನಾರ ಆದ್ರ ನಾ ಯಾರ ಮಾರಿ ನೋಡ್ಲಿ?"

ಉಮಾಪತಿ ಬಾಯಿ ತೆರೆಯುವ ಮೊದಲೇ ಪಂಪಾವತಿ ಮಾತಾಡಿದಳು. ಮಾವನಿಗೇ ನೇರವಾಗಿ ಅವಳು ಆಡಿದ ಮೊದಲ ಮಾತು ಅದು.

"ಮಾವಾರ, ನಾನೂ ಆ 'ಏನಾರ' ಅಂಬೋದು ನೆನಿಸಿ ಐದು ವರ್ಷ ಅಂಜೀನಿ. ಆದ್ರ ಆ ಕಲ್ಲಿನ ಮ್ಯಾಲ ನಿಂತು ಆ ವಿಮಾನ ತಿರುಗಿ ಬರೋದು ನೋಡಿದಾಗ, ಅದರಾಗ ಇದ್ದವ್ರ ಅಪ್ಪ ಅವ್ರನ್ನ ಅಂಗಡ್ಯಾಗ ಕೂಡ್ರಿಸಿಕೊಂಡಿದ್ರ ನಮ್ಮ ಗತಿ ಏನು ಅನಸ್ತು. ಇವ್ರು ಕೆಲಸ ಬಿಡೋದು ಬ್ಯಾಡ್ರಿ. ನಾನೂ ಇವ್ರ ಜೋಡಿ ಆಗ್ರಾಕ್ಕ ಹೋಗ್ತೀನಿ."

ದೇವೇಂದ್ರಪ್ಪ ತಾಯಿಯ ಕಡೆ ನೋಡಿದ. ಅನ್ನಮ್ಮ ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತಿದ್ದಳು. "ನನ್ನ ಮಾರಿ ಯಾಕ ನೋಡ್ತಿ? ಆಕಿ ಹೇಳಿದಂಗ ಕೇಳು."

ವಾರದೊಳಗೆ ದೇವೇಂದ್ರಪ್ಪನ ಅಂಗಡಿಯಲ್ಲಿ ಅರಳೆಯ ದರಕ್ಕಿಂತ ವಿಮಾನದ ಮಾತೇ ಹೆಚ್ಚಾಯಿತು. ಕುಷ್ಟಗಿ, ಯಲಬುರ್ಗಿಯಿಂದ ಬಂದ ರೈತರಿಗೆಲ್ಲ ಅವನು, "ನಡಸಾವ ನಾಮಕೇವಾಸ್ತೆ. ನಮ್ಮ ಉಮಾಪತಿ ದಾರಿ ತೋರಸದಿದ್ರ ವಿಮಾನ ಒಂದು ಮಾರು ಮುಂದ ಹೋಗಂಗಿಲ್ಲ," ಎಂದು ಹೇಳುವುದನ್ನು ಕೇಳಿ ಉಮಾಪತಿ ಹಿಂದಿನ ಬಾಗಿಲಿನಿಂದ ಮನೆಗೆ ಓಡಿಬಂದ.

ಔಷಧದ ಪೆಟ್ಟಿಗೆ ಹೊತ್ತು ವಿಮಾನ ಮತ್ತೊಮ್ಮೆ ಬಳ್ಳಾರಿಗೆ ಬಂತು. ರಜೆಯೂ ಮುಗಿದಿತ್ತು. ವಾಪಸು ಹೋಗುವಾಗ ಒಳಗೆ ಖಾಲಿ ಜಾಗ. ಕ್ಯಾಪ್ಟನ್ ಸಾಹೇಬರು ಮೇಲಿನವರನ್ನು ಕೇಳಿ, ಉಮಾಪತಿಯ ಹೆಂಡತಿಯನ್ನೂ ಕರೆದೊಯ್ಯಲು ಒಪ್ಪಿಗೆ ಪಡೆದಿದ್ದರು. ಇಡೀ ಮನೆ ಬುತ್ತಿ ಕಟ್ಟಿಕೊಂಡು ರೈಲಿನಲ್ಲಿ ಬಳ್ಳಾರಿಗೆ ಹೋಯಿತು.

ಮೈದಾನದಲ್ಲಿ ನಿಂತಿದ್ದ ವಿಮಾನ ಕೊಪ್ಪಳದ ಮನೆಗಿಂತ ಉದ್ದವಿತ್ತು. ಅನ್ನಮ್ಮ ಅದರ ಹೊಟ್ಟೆಯನ್ನು ಎತ್ತಿನ ಮೈ ತಟ್ಟುವ ಹಾಗೆ ತಟ್ಟಿ ನೋಡಿದಳು. ರೆಕ್ಕೆಯ ನೆರಳಲ್ಲಿ ಕಂಬಳಿ ಹಾಸಿ, ಕೊಡಗಿನವನನ್ನು, ಸರದಾರನನ್ನು, ಲಖನೌದ ಹುಡುಗನನ್ನು ಸಾಲಾಗಿ ಕೂಡಿಸಿ, ಬೇಡವೆಂದರೂ ಬಿಡದೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೋಳಿಗೆ ಬಡಿಸಿದಳು. ಲಖನೌದ ಹುಡುಗ ಹಿಂಡಿಯ ಖಾರಕ್ಕೆ ಕಣ್ಣೀರು ಸುರಿಸುತ್ತ ನಕ್ಕ. ಅವಳು ಅವನ ತಲೆ ಸವರಿ, ಅವನಿಗೆ ತಿಳಿಯದ ಕನ್ನಡದಲ್ಲಿ ದೊಡ್ಡದೊಂದು ಬುದ್ಧಿಮಾತು ಹೇಳಿದಳು: "ಬಾಗಲದಾಗ ಅಷ್ಟು ಬಗ್ಗಬ್ಯಾಡ."

ಪಂಪಾವತಿ ಹಿರಿಯರ ಕಾಲು ಮುಟ್ಟಿ ಏಣಿ ಹತ್ತಿದಳು. ಒಳಗೆ ಗೋಡೆಗುಂಟ ತಗಡಿನ ಆಸನ. ಉಮಾಪತಿ ಅವಳ ಸೊಂಟಕ್ಕೆ ಪಟ್ಟಿ ಬಿಗಿದು ಮುಂದೆ ಹೋದ. ಇಂಜಿನ್ನುಗಳು ಗರ್ಜಿಸಿದವು, ಮೈಯೆಲ್ಲ ನಡುಗಿತು, ನೆಲ ಓಡಿತು. ಆಮೇಲೆ ನಡುಕ ನಿಂತೇಹೋಯಿತು. ಕಿಟಕಿಯಲ್ಲಿ ಬಳ್ಳಾರಿಯ ಗುಡ್ಡ ಕೆಳಗಿಳಿಯಿತು. ದೂರದಲ್ಲಿ ತುಂಗಭದ್ರೆ ಬಿಸಿಲಿಗೆ ಮಿಂಚುತ್ತ ಹರಿದಿತ್ತು. ಅಂಜಿಕೆ ಬರುತ್ತದೆ ಎಂದು ಕಾದಳು. ಬರಲಿಲ್ಲ.

ಉಮಾಪತಿ ಬಂದು ಅವಳನ್ನು ಮುಂದೆ ಕರೆದೊಯ್ದು ತಾನು ಕೂರುವ ಜಾಗ ತೋರಿಸಿದ. ಕಿವಿಗೆ ಎರಡು ಬಟ್ಟಲು ಹಾಕಿಕೊಂಡು, ಆಗ್ರಾಕ್ಕೆ ಸುದ್ದಿ ಕಳಿಸುವ ಒಂದು ಸಣ್ಣ ಗುಂಡಿಯನ್ನು ಬೆರಳಿನಿಂದ ಟಕಟಕ ಬಡಿದ. ಅವಳು ಬಗ್ಗಿ ಅವನ ಕಿವಿಯ ಹತ್ತಿರ ಕೂಗಿದಳು.

"ಏನು ಹೇಳಿದ್ರಿ ಅವ್ರಿಗೆ?"

"ಬಳ್ಳಾರಿಯಿಂದ ಹೊಂಟೀವಿ ಅಂದೆ. ಒಳಗ ಐದು ಮಂದಿ ಅದೀವಿ ಅಂದೆ."

"ನನ್ನನ್ನೂ ಹಿಡಿದು?"

"ನಿನ್ನನ್ನೂ ಹಿಡಿದು. ಆಗ್ರಾದಾಗ ಬರಕೊಂಡ್ರು."

ಪಂಪಾವತಿ ಹಾರಾಡುತ್ತಿದ್ದ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಡನ ಪಕ್ಕದಲ್ಲಿ ಕಾಲೂರಿ ನಿಂತಳು.

"ಇನ್ನೊಮ್ಮೆ ಹೇಳ್ರಿ," ಎಂದಳು.